ಇಳಿಜಾರು ಶಾಲೆಯದು, ಬ್ರೇಕು ಕೆಲ್ತೂಮರದು

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಿಗ್ಮಿ ಉಫೆಲ್ಲಾ ಊರಿನ ಕೊನೆಯ ಮನೆಯ ಅಂಗಳದಲ್ಲಿ ಮನೆಯೊಡತಿ ಕೆಲ್ತೂಮ್ ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಚಕ್ರ ತಿರುಗಿಸುತ್ತಿದ್ದಾರೆ. ಕಿವಿ ಚಕ್ರದ ಹತ್ತಿರ, ಕಣ್ಣು ಎಲ್ಲೋ ಗೋಡೆಯ ಮೇಲೆ. ನಾನು ಏನೋ ಕೇಳಲು ಹೋದೆ. "ಸ್ವಲ್ಪ ಸುಮ್ನಿರಿ ಟೀಚರಮ್ಮಾ, ಬ್ರೇಕ್ ಏನೋ ಹೇಳ್ತಿದೆ," ಅಂದರು. ತರಗತಿಯಲ್ಲಿ ಊರಿನ ಮಕ್ಕಳ ಬಾಯಿ ಮುಚ್ಚಿಸುವವಳು ನಾನು. ಇಲ್ಲಿ ನನ್ನ ಬಾಯಿಗೇ ಬೀಗ.

ನಾನು ಪಾಠ ಹೇಳುವ ಶಾಲೆ ಕೆಳಗೆ ಕಣಿವೆಯಲ್ಲಿದೆ. ತಿಗ್ಮಿ ಉಫೆಲ್ಲಾ ಮೇಲೆ, ಬೆಟ್ಟದ ಹೆಗಲ ಮೇಲೆ. ಬಸ್ಸು ಇತ್ತ ತಲೆ ಹಾಕುವುದಿಲ್ಲ. ಆರು ಹುಡುಗಿಯರು ಹಳೆಯ ಬೆಟ್ಟದ ಸೈಕಲ್ಲುಗಳ ಮೇಲೆ, ಅರ್ಗಾನ್ ಎಂಬ ಮುಳ್ಳುಮರಗಳ ನಡುವಿನ ಕಲ್ಲುದಾರಿಯಲ್ಲಿ ಇಳಿದು ಬರುತ್ತಾರೆ; ಸಂಜೆ ತಳ್ಳಿಕೊಂಡು ಹತ್ತುತ್ತಾರೆ. ಈ ಸೈಕಲ್ಲುಗಳು ಬರುವ ಮುಂಚೆ ಊರಿನ ಹುಡುಗಿಯರ ಓದು ಆರನೇ ತರಗತಿಗೇ ಮುಗಿಯುತ್ತಿತ್ತು. ಅಪ್ಪಂದಿರು ಈಗಲೂ ಅರೆಮನಸ್ಸಿನಿಂದಲೇ ಕಳಿಸುತ್ತಾರೆ. ಒಬ್ಬಳು ಜೋರಾಗಿ ಬಿದ್ದರೆ ಸಾಕು, ಆರು ಮಂದಿಯ ಓದೂ ಅಲ್ಲಿಗೇ ನಿಂತಿತು ಎನ್ನುವುದು ಎಲ್ಲರಿಗೂ ಗೊತ್ತು. ಆ ಭಾರವನ್ನು ದಿನವೂ ಹೊರುವವರು, ಸೈಕಲ್ಲುಗಳನ್ನು ನೋಡಿಕೊಳ್ಳುವ ಕೆಲ್ತೂಮ್ ಒಬ್ಬರೇ.

ಇದಕ್ಕೆ ಅವರಿಗೆ ಸಂಬಳವಿಲ್ಲ, ಬೋರ್ಡಿಲ್ಲ, ಅಂಗಡಿಯೂ ಇಲ್ಲ. ಹಿಂದೆ ಪ್ರವಾಸಿಗರನ್ನು ಸೈಕಲ್ಲಿನಲ್ಲಿ ಬೆಟ್ಟ ಸುತ್ತಿಸುತ್ತಿದ್ದ ತಂಡವೊಂದಕ್ಕೆ ಅಡುಗೆ ಮಾಡುತ್ತಿದ್ದರು. ಮಣ್ಣಿನ ಪಾತ್ರೆಯಲ್ಲಿ ತಜೀನ್ ಅಡುಗೆ ಬೇಯುವಷ್ಟು ಹೊತ್ತು ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ತಂಡದ ಮೆಕ್ಯಾನಿಕ್ಕನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ ಅವನ ತಲೆ ತಿಂದರಂತೆ. ತಂಡ ಮುಚ್ಚಿಹೋದಾಗ ಹಳೆಯ ಸೈಕಲ್ಲುಗಳನ್ನು, ಒಂದು ಪೆಟ್ಟಿಗೆ ಸಾಮಾನನ್ನು ಇವರ ಅಂಗಳದಲ್ಲೇ ಬಿಟ್ಟು ಹೋದರು.

"ಮೊದಮೊದಲು ಟ್ಯೂಬೇ ಇತ್ತು," ಎನ್ನುತ್ತಾರೆ ಕೆಲ್ತೂಮ್, ಬೆರಳಿನಷ್ಟುದ್ದದ ಅರ್ಗಾನ್ ಮುಳ್ಳನ್ನು ಟೈರಿನಿಂದ ಕಿತ್ತು ನನ್ನ ಮುಂದೆ ಹಿಡಿದು. "ಈ ಶನಿಗಳು ಬಿಡಬೇಕಲ್ಲ! ದಿನಾ ಪಂಕ್ಚರು. ಹುಡ್ಗೀರು ಬಿಸಿಲಲ್ಲಿ ತಳ್ಕೊಂಡು ಹೋಗೋದು, ತಡವಾಯ್ತು ಅಂತ ನೀವು ಗೇಟ್ ಹಾಕ್ಕೊಂಡು ಬಯ್ಯೋದು." ಬಯ್ಯುತ್ತಿದ್ದುದು ನಿಜ. ಈಗ ಟ್ಯೂಬೇ ಇಲ್ಲದ ಟೈರು. ಒಳಗೆ ಹಾಲಿನಂಥ ಬಿಳಿ ದ್ರವ. ಮುಳ್ಳು ಕಿತ್ತ ತೂತಿನಲ್ಲಿ ಹಾಲು ಒಂದು ಸಲ ಬುಸ್ಸೆನ್ನುತ್ತದೆ, ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಆ ಹಾಲು ಬೇಗ ಒಣಗುತ್ತದೆ. ಆಗಾಗ ಗಾಳಿ ಬಿಟ್ಟು, ವಾಲ್ವಿನೊಳಗೆ ತೆಳ್ಳನೆ ಕಡ್ಡಿ ಇಳಿಸಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಹೊಸ ಟೈರು ಕೂರಿಸುವಾಗ ಅಂಚಿಗೆಲ್ಲ ಸ್ನಾನದ ಹಮಾಮಿನಲ್ಲಿ ಮೈಗೆ ಹಚ್ಚುವ ಕಪ್ಪು ಸಾಬೂನು ಸವರಿ ಒಂದೇ ಉಸಿರಿಗೆ ಪಂಪು ಹೊಡೆಯುತ್ತಾರೆ. ಟೈರು ರಿಮ್ಮಿಗೆ ಟಪ್ಪೆಂದು ಕೂತಾಗ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಕೆಲ್ತೂಮರ ಮುಖ ನೋಡಬೇಕು ಆಗ.

ಅವರ ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟಿದೆ. ನಮ್ಮಲ್ಲಿ ಯಾರ ಹೊಸ್ತಿಲು ತುಳಿದರೂ ಮೊದಲು ರೊಟ್ಟಿ, ಬಟ್ಟಲಲ್ಲಿ ಅರ್ಗಾನ್ ಬೀಜ ಹುರಿದು ಹಿಂಡಿದ ಎಣ್ಣೆ, ಆಮೇಲೆ ಮಾತು. ಕೆಲ್ತೂಮರ ಅಂಗಳದಲ್ಲಿ ಮೊದಲು ಸೈಕಲ್ಲು, ಆಮೇಲೆ ರೊಟ್ಟಿ. "ಎಣ್ಣೆ ಕೈಯಲ್ಲಿ ಚಕ್ರದ ನಡುವಿನ ಬ್ರೇಕಿನ ತಟ್ಟೆ ಮುಟ್ಟಿದ್ರೆ ಮುಗೀತು, ಜಾರುತ್ತೆ," ಎಂದು ಅವರು ಹೇಳಿದರೂ ಊರು ಬಹಳ ದಿನ ನಂಬಲಿಲ್ಲ. ಬಂದವರಿಗೆ ತಿನ್ನಲು ಕೊಡದ ಜಿಪುಣಿ ಎಂದೇ ಆಡಿಕೊಂಡಿತು.

ಹೋದ ತಿಂಗಳು ಆಗಬಾರದ್ದು ಆಗಿಯೇ ಹೋಯಿತು. ಆರು ಹುಡುಗಿಯರಲ್ಲಿ ಒಬ್ಬಳು, ಊರಿನ ಬೀಹಿ ಎಂಬಾತನ ಮಗಳು ಸಿಹಾಮ್, ಒಣಹೊಳೆಯ ತಿರುವಿನಲ್ಲಿ ಬ್ರೇಕು ಹಿಡಿಯದೆ ಪೊದೆಗೆ ನುಗ್ಗಿ ಬಿದ್ದಳು. ಮಂಡಿ, ಮೊಣಕೈ ತರಚಿತು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಬೀಹಿ ಸೈಕಲ್ಲನ್ನು ತಂದು ಕೆಲ್ತೂಮರ ಬಾಗಿಲಲ್ಲಿ ಎಸೆದು ಹೋದ. "ನಾಳೆಯಿಂದ ನನ್ನ ಮಗಳು ಮನೇಲಿರ್ತಾಳೆ!" ಸಂಜೆಯೊಳಗೆ ಇನ್ನಿಬ್ಬರು ಅಪ್ಪಂದಿರೂ ಅದೇ ರಾಗ ತೆಗೆದರು.

ಕೆಲ್ತೂಮ್ ಚಕ್ರ ಬಿಚ್ಚಿದರು, ಬ್ರೇಕಿನ ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡುಗಳನ್ನು ಮೂಗಿಗೆ ಹಿಡಿದರು. ಹುರಿದ ಬೀಜದ ಘಮ! ಅರ್ಗಾನ್ ಎಣ್ಣೆ. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬಾರದು. ಎಸೆದು ಹೊಸದು ಹಾಕಿದರು. ತಟ್ಟೆಯನ್ನು ಔಷಧದಂಗಡಿಯ ಸ್ಪಿರಿಟ್ಟಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಹೊಸ ಪ್ಯಾಡು ಪಳಗಲೆಂದು ಅವರ ಮಗಳು, ಆ ಆರು ಮಂದಿಯಲ್ಲೇ ಒಬ್ಬಳಾದ ತಿಲಿಲಾ, ಕತ್ತಲಾಗುವವರೆಗೂ ಓಣಿಯಲ್ಲಿ ಇಳಿದು, ಬ್ರೇಕು ಹಿಡಿದು, ಮತ್ತೆ ಹತ್ತಿದಳು. ಆಮೇಲೆ ಸೈಕಲ್ಲು ತಳ್ಳಿಕೊಂಡು ಬೀಹಿಯ ಮನೆಗೆ ಹೊರಟ ಕೆಲ್ತೂಮರ ಹಿಂದೆ, ಸುದ್ದಿ ಕೇಳಿ ಬೆಟ್ಟ ಹತ್ತಿ ಬಂದಿದ್ದ ನಾನೂ ತಡೆಯಲಾರದೆ ಹೋದೆ.

"ಬ್ರೇಕಿಗೆ ಎಣ್ಣೆ ತಾಗಿತ್ತು ಬೀಹಿ. ಯಾರು, ಹೇಗೆ ಅಂತ ನಾನು ಕೇಳಲ್ಲ. ಸರಿ ಮಾಡಿದ್ದೀನಿ."

ಒಳಗಿನಿಂದ ಬೀಹಿಯ ತಾಯಿ ಇಜ್ಜಜ್ಜಿ ಕೂಗಿಕೊಂಡೇ ಬಂದರು. "ಕೇಳಲ್ಲ ಅಂದ್ರೆ? ಕೇಳೇ! ನಾನೇ ಹಚ್ಚಿದ್ದು! ನಿಲ್ಲಿಸಿದಾಗೆಲ್ಲ ಸೈಕಲ್ಲು ಪಾಪ ಕೀರ್ ಅಂತ ಅಳ್ತಿತ್ತು. ನನ್ನ ಮಂಡಿಗೆ ಹಚ್ತೀನಿ, ಕೂಸಿನ ಹೊಟ್ಟೆಗೆ ಹಚ್ತೀನಿ, ಇದಕ್ಕೂ ನಾಕು ಹನಿ ಬಿಟ್ಟೆ. ಒಳ್ಳೇ ಎಣ್ಣೆ ಕಣೇ, ನನ್ನ ಕೈಯಾರೆ ಹಿಂಡಿದ್ದು!"

ನನಗೆ ನಗು ತಡೆಯಲಾಗಲಿಲ್ಲ. ಬೀಹಿ ನಗಲಿಲ್ಲ. "ಇವತ್ತು ಎಣ್ಣೆ, ನಾಳೆ ಇನ್ನೊಂದು. ಸೈಕಲ್ ಹತ್ತೋಕೇ ಬರದವಳು ನೀನು. ನಿನ್ನ ಮಾತು ನಂಬ್ಕೊಂಡು ಮಗಳನ್ನ ಆ ತಿರುವಿಗೆ ಕಳಿಸ್ಲಾ?"

ಅದು ನಿಜವೇ. ಊರಿನ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡುವ ಕೆಲ್ತೂಮರಿಗೆ ಸೈಕಲ್ ತುಳಿಯಲು ಬರುವುದಿಲ್ಲ. ಅವರ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

"ನಂಬ್ಬೇಡ. ನಾಳೆ ಸಿಹಾಮ್ ನನ್ನ ಮಗಳ ಸೈಕಲ್ಲಲ್ಲಿ ಹೋಗ್ಲಿ. ಅವಳು ಬಿದ್ದ ಈ ಸೈಕಲ್ಲಲ್ಲಿ ನನ್ನ ತಿಲಿಲಾ ಹೋಗ್ತಾಳೆ. ಎಲ್ಲರಿಗಿಂತ ಮುಂದೆ."

ಬೀಹಿ ತಾಯಿಯ ಮುಖ ನೋಡಿದ, ಸೈಕಲ್ಲು ನೋಡಿದ, ಒಳಗೆ ಹೋದ.

ಮರುದಿನ ನಾನು ಗೇಟು ಮುಚ್ಚದೆ ಕಾದು ನಿಂತೆ. ತಿಲಿಲಾ ಮೊದಲು ಬಂದಳು. ಅವಳ ಹಿಂದೆಯೇ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಸಿಹಾಮ್. ಆಮೇಲೆ ಉಳಿದ ನಾಲ್ವರು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. "ಅಪ್ಪ ತಿರುವಲ್ಲಿ ನಿಂತಿದ್ರು," ಎಂದು ಸಿಹಾಮ್ ಪಿಸುಗುಟ್ಟಿದಳು, "ಆಡು ಹುಡುಕ್ತಿದ್ದೆ ಅಂದ್ರು." ಬೀಹಿಯ ಮನೆಯಲ್ಲಿ ಆಡೇ ಇಲ್ಲ.

ಇಂದೂ ಆರು ಸೈಕಲ್ಲುಗಳ ಸರದಿ ಮುಗಿಯುವಷ್ಟರಲ್ಲಿ ಬಿಸಿಲು ಗೋಡೆ ಇಳಿದಿದೆ. ಹುಡುಗಿಯರು ಹೊರಟರು; ನನ್ನ ತರಗತಿ ಇವತ್ತು ಮಧ್ಯಾಹ್ನಕ್ಕೆ. ಕೆಲ್ತೂಮ್ ಕೈ ತೊಳೆದು ಈಗ ರೊಟ್ಟಿಯ ಬುಟ್ಟಿ ತಂದಿಟ್ಟರು. ನಿಮಗೆ ಅಂತ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ನಕ್ಕರು, ಸ್ವಲ್ಪ ನಾಚಿದರು.

"ತಿಲಿಲಾ ಓದು ಮುಗಿಸ್ಲಿ. ಆಗ ಅವಳ ಸೈಕಲ್ ಖಾಲಿ ಆಗುತ್ತಲ್ಲ, ನಾನೂ ಕಲೀತೀನಿ. ಒಂದ್ಸಲ ಆ ತಿರುವು ಇಳೀಬೇಕು."

"ಹೆದರಿಕೆ ಆಗಲ್ವಾ?"

"ಆಗ್ದೆ ಏನು! ಬಿದ್ರೂ ಬಿದ್ದೇನು. ತುಳಿಯೋಕೆ ಬರಲ್ಲ ಅಂತ ಬೀಳ್ತೀನಿ ಟೀಚರಮ್ಮಾ, ಬ್ರೇಕ್ ಹಿಡೀಲಿಲ್ಲ ಅಂತ ಬೀಳಲ್ಲ."