ಬಲಗಡೆಯ ಹೂವು

ನನ್ನ ಗಂಡನಿಗೆ ವಿಮಾನದ ಹುಚ್ಚು ಹತ್ತಿದ್ದು ಒಂದು ದಸರೆಯಲ್ಲಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನಿನ್ನೂ ಹೊಸ ಸೊಸೆ. ಊರ ಹೊರಗಿನ ಬಯಲಿಗೆ ಪುಟ್ಟ ವಿಮಾನವೊಂದು ಬಂದಿತ್ತು. ದುಡ್ಡು ಕೊಟ್ಟವರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಒಂದು ಸುತ್ತು ಹಾಕಿಸಿ ಇಳಿಸುತ್ತಿದ್ದರು. ಇವರು ಹತ್ತಿ ಇಳಿದು ಮನೆಗೆ ಬಂದವರೇ, ದೇವಿಯ ಗುಡಿಯನ್ನು ಮೇಲಿನಿಂದ ನೋಡಿದೆ ಎಂದರು. ದೇವರ ತಲೆಯ ಮೇಲೆ ಹಾದುಹೋಗುವುದು ಯಾವ ಸೀಮೆಯ ಭಕ್ತಿ ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಾಗಿತ್ತು.

ಮನೆಯಲ್ಲಿ ನಾವು ಮೂವರೇ: ಇವರು, ನಾನು, ನನ್ನ ಅತ್ತೆ. ಇವರು ಬಿ.ಎಸ್ಸಿ. ಮುಗಿಸಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಂಬಳ ಸಣ್ಣದು, ಆದರೆ ಕೆಲಸ ಕಾಯಂ. ಮಾವನವರು ಅರಮನೆಯ ಒಂದು ಕಚೇರಿಯಲ್ಲಿ ಜೀವಮಾನವೆಲ್ಲ ಕೈಕಟ್ಟಿ ನಿಂತು, ಸರಸ್ವತಿಪುರಂನಲ್ಲಿ ಒಂದು ಸೈಟು ಮಾಡಿ ತೀರಿಕೊಂಡಿದ್ದರು. ಗಂಡ ಕೈಕಟ್ಟಿದ್ದು ಸಾಕು, ಮಗನಾದರೂ ತಲೆಯೆತ್ತಿ ನಡೆಯಲಿ ಎನ್ನುವುದು ಅತ್ತೆಯ ಹಟ. ತಲೆಯೆತ್ತಿದರೆ ಆಕಾಶವೇ ಅಲ್ಲವೇ ಇರುವುದು.

ಇವರು ಬೆಂಗಳೂರಿಗೆ ಹೋಗಿ ವಿಮಾನ ಕಲಿಸುವ ಶಾಲೆಯನ್ನು ವಿಚಾರಿಸಿಕೊಂಡು ಬಂದರು. ನಡುಮನೆಯಲ್ಲಿ ಕೂತು ಅತ್ತೆಗೆ ಖರ್ಚು ವಿವರಿಸಿದರು. ಅಲ್ಲಿ ಫೀಜು ತಿಂಗಳ ಲೆಕ್ಕವಲ್ಲ, ಗಂಟೆಯ ಲೆಕ್ಕ. ಎಷ್ಟು ಗಂಟೆ ಹಾರಿದರೆ ಅಷ್ಟು ದುಡ್ಡು. ಸಣ್ಣ ಲೈಸೆನ್ಸಿಗೆ ಇಷ್ಟು ಗಂಟೆ, ಸಂಬಳ ತರುವ ದೊಡ್ಡ ಲೈಸೆನ್ಸಿಗೆ ಅದರ ಎಷ್ಟೋ ಪಟ್ಟು. ಜೊತೆಗೆ ಊಟ, ರೂಮು, ಪುಸ್ತಕ, ಡಾಕ್ಟರ ಪರೀಕ್ಷೆ. ಇರುವ ಕೆಲಸಕ್ಕೆ ಮೊದಲು ರಾಜೀನಾಮೆ.

"ಬಾಡಿಗೆ ಸೈಕಲ್ ಇದ್ದಂಗಾಯ್ತಲ್ಲಪ್ಪ," ಎಂದರು ಅತ್ತೆ.

ನಕ್ಕೆ. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಬೀದಿಯ ತುದಿಯಲ್ಲೇ ಸೈಕಲ್ ಬಾಡಿಗೆ ಅಂಗಡಿಯಿತ್ತು. ಕಲಿಯುವ ಹುಡುಗರು ಮೊಣಕಾಲು ಕೆತ್ತಿಸಿಕೊಂಡು, ಬಗ್ಗಿದ ಹ್ಯಾಂಡಲ್ ತಳ್ಳಿಕೊಂಡು ಬರುವುದನ್ನು ದಿನಾ ನೋಡುತ್ತಿದ್ದೆ. ಬೀಳದೆ ಕಲಿತವರನ್ನು ನಾನು ಕಂಡಿರಲಿಲ್ಲ.

ಆದಾಯದ ಮಾತು ಬಂದಾಗ ಇವರ ದನಿಯೇ ಬದಲಾಯಿತು. ಕಂಪನಿಗೆ ಸೇರಿದರೆ ಮೊದಲ ದಿನದಿಂದಲೇ ಈಗಿನದಕ್ಕೆ ಹಲವು ಪಟ್ಟು ಸಂಬಳ, ಹಾರಿದ ಗಂಟೆಗೆ ಬೇರೆ ಭತ್ಯೆ. ಸೇರಿಸಿಕೊಳ್ಳದಿದ್ದರೆ ಎಂದು ಕೇಳಿದೆ. ಸೇರಿಸಿಕೊಳ್ಳುತ್ತಾರೆ ಎಂದರು. ಕಣ್ಣೋ ಕಿವಿಯೋ ಮಂಕಾದರೆ ಎಂದೆ. ಆಗ ಲೈಸೆನ್ಸು ವಾಪಸು, ಕೆಲಸವೂ ಇಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸೈಟು ಮಾರಿದರೆ ಮಾತ್ರ ಈ ಖರ್ಚಿಗೆ ದುಡ್ಡು ಹುಟ್ಟುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಇಲ್ಲಿ ಹಾಸಿಗೆಯನ್ನೇ ಮಾರಿ ಕಾಲು ಚಾಚಲು ಹೊರಟಿದ್ದರು.

ನಿಜ ಹೇಳಬೇಕೆಂದರೆ ನನ್ನ ಹೆದರಿಕೆ ಸೈಟಿನದಲ್ಲ. ಅದು ಗಟ್ಟಿಯಾದದ್ದು ವಿಮೆಯ ಏಜೆಂಟರು ಬಂದ ದಿನ. ಅವರು ಇವರ ಸ್ನೇಹಿತರು, ಒಳ್ಳೆಯ ಮಾತುಗಾರರು. ವಿಮಾನ ಓಡಿಸುವವರಿಗೆ ಕಂತು ಜಾಸ್ತಿ ಎಂದು ಉಪ್ಪಿಟ್ಟು ತಿನ್ನುತ್ತ ಹೇಳಿದರು. ಯಾಕೆ ಎಂದು ನಾನು ಬಾಗಿಲ ಮರೆಯಿಂದಲೇ ಕೇಳಿದೆ. ಅವರು ತಟ್ಟೆ ನೋಡಿಕೊಂಡು, ರೂಲು ತಾಯಿ ಎಂದರು. ಯಾರು ಯಾವಾಗ ಸಾಯುತ್ತಾರೆಂದು ಅಂದಾಜು ಮಾಡಿಯೇ ಹೊಟ್ಟೆ ಹೊರೆಯುವ ಜನ, ಸುಮ್ಮನೆ ಜಾಸ್ತಿ ಕೇಳುತ್ತಾರೆಯೇ? ಆವತ್ತಿನಿಂದ ಕಾಗೆ ಹಾರಿದರೂ ನನ್ನೆದೆ ಧಸಕ್ ಎನ್ನುತ್ತಿತ್ತು. ಕುಂಕುಮದ ಭರಣಿ ತೆಗೆದವಳು ಹಣೆಗಿಡುವ ಮೊದಲು ದೇವರಿಗೆ ಕೈಮುಗಿಯುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ನಾನು ಹೀಗೆ ಒಣಗುತ್ತಿದ್ದುದನ್ನು ಕಂಡು ಬೀದಿಯ ಹೆಂಗಸರು ಸಿಹಿ ಸುದ್ದಿಯೇ ಎಂದು ಕೇಳುತ್ತಿದ್ದರು.

ಅತ್ತೆಯ ಮುಂದೆ ಒಮ್ಮೆ ಅತ್ತುಬಿಟ್ಟೆ. ಅವರು ಗದರಲಿಲ್ಲ.

"ಸಾಯೋರು ಮನೇಲಿ ಮಲಗಿದ್ರೂ ಸಾಯ್ತಾರೆ ಕಣಮ್ಮ. ನಿಮ್ಮ ಮಾವ ಏನು ವಿಮಾನದಿಂದ ಬಿದ್ದು ಸತ್ರಾ?"

ನನ್ನ ಅಳು ಇನ್ನೂ ಜೋರಾಯಿತು. ಕೊನೆಗೆ ಅವರೇ, ನಿನ್ನ ಸಮಾಧಾನಕ್ಕೆ ದೇವರನ್ನೇ ಕೇಳಿಬಿಡೋಣ ಎಂದರು. ನಮ್ಮ ಮನೆದೇವರು ವೀರಭದ್ರ. ಊರೊಳಗಿದ್ದ ಅವನ ಗುಡಿಯಲ್ಲಿ ಹೂವು ಕೇಳುವ ಪದ್ಧತಿಯಿತ್ತು. ಪೂಜಾರಿಗಳು ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಡಬಾರದು. ಬಲಗಡೆಯ ಹೂವು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಹೆಣ್ಣು ಗೊತ್ತುಮಾಡುವುದು, ಹಸು ಕೊಳ್ಳುವುದು, ಎಲ್ಲಕ್ಕೂ ನಮ್ಮವರು ಅಲ್ಲಿಗೇ ಹೋಗುತ್ತಿದ್ದರು. ವಿಮಾನ ಕೇಳಲು ಹೋದವರು ಬಹುಶಃ ನಾವೇ ಮೊದಲು.

ಸೋಮವಾರ ಮೂವರೂ ತಲೆಗೆ ನೀರು ಹಾಕಿಕೊಂಡು ಹೋದೆವು. ಪೂಜಾರಿಗಳು ಹೂವಿಟ್ಟು, ಮನೆಯವರೆಲ್ಲ ಒಂದೇ ಮನಸ್ಸಾಗಿ ಕೇಳಿಕೊಳ್ಳಿ ಎಂದರು. ನಾನು ಕಣ್ಣು ಮುಚ್ಚಿದೆ. ಒಳ್ಳೆಯದೆಲ್ಲ ಬಲಗಡೆಯೇ ತಾನೇ. ನನಗೆ ಒಳ್ಳೆಯದು ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಇವರನ್ನು ಇಲ್ಲೇ, ನನ್ನ ಕಣ್ಣೆದುರಿಗೇ ಉಳಿಸಿಕೊಡುವುದಾದರೆ ಬಲಗಡೆ ಕೊಡಪ್ಪ ಎಂದು ಬೇಡಿಕೊಂಡೆ. ಎಷ್ಟು ಹೊತ್ತು ಬೇಡಿಕೊಂಡೆನೋ ಕಾಣೆ. ಅತ್ತೆ ನನ್ನ ಮೊಣಕೈ ಹಿಡಿದು ಅಲುಗಿಸಿದಾಗ ಕಣ್ಣು ಬಿಟ್ಟೆ. ಬಲಗಡೆಯ ಹೂವು ದೇವರ ಪಾದದಲ್ಲಿತ್ತು.

ನನಗೆ ಅಳುವಷ್ಟು ಸಂತೋಷವಾಯಿತು. ತಿರುಗಿ ನೋಡಿದರೆ ಅತ್ತೆಯೂ ಅಳುತ್ತಿದ್ದರು.

"ಹೋಗಿ ಬಾ ಅಂತ ಕೊಟ್ಬುಟ್ಟ ಕಣಪ್ಪ," ಎಂದು ಮಗನ ಕೆನ್ನೆ ಸವರಿದರು.

ಒಂದೇ ಹೂವು, ಅವರಿಗೆ ಹೋಗು ಎಂದಿತ್ತು, ನನಗೆ ಹೋಗಬೇಡ ಎಂದಿತ್ತು. ಬಾಯಿಬಿಟ್ಟರೆ ದೇವರ ಮುಂದೆ ಸೊಸೆ ಅಡ್ಡ ಕೇಳಿದಳು ಎಂದಾಗುತ್ತದೆ. ಬಿಡದಿದ್ದರೆ, ನಾಳೆ ಏನಾದರೂ ಆದರೆ, ದೇವರು ಮೊದಲೇ ಹೇಳಿದ್ದನ್ನು ನುಂಗಿಕೊಂಡವಳು ನಾನು. ದಾರಿಯುದ್ದಕ್ಕೂ ಅತ್ತೆ ಪರಿಚಯದವರಿಗೆಲ್ಲ ಸಕ್ಕರೆ ಹಂಚುತ್ತ ಬಂದರು. ಸೈಟು ಕೊಳ್ಳುವವರಿಗೂ ಅಂದೇ ಹೇಳಿಕಳಿಸಿದರು. ಇವರು ತಲೆ ತಗ್ಗಿಸಿ ಹಿಂದೆ ಹಿಂದೆ ನಡೆದು ಬಂದರು, ಭಕ್ತಿ ಇರಬೇಕೆಂದುಕೊಂಡೆ.

ಅತ್ತೆಯ ಕಿವಿಗೆ ಬೀಳದೆ ಗಂಡನ ಹತ್ತಿರ ಮಾತಾಡಲು ನನಗಿದ್ದ ಜಾಗ ಬಚ್ಚಲುಮನೆಯೊಂದೇ. ಭಾನುವಾರ ಎಣ್ಣೆಸ್ನಾನಕ್ಕೆ ಕೂತರು. ಬೆನ್ನಿಗೆ ಸೀಗೆಪುಡಿ ತಿಕ್ಕುತ್ತ, ಹಂಡೆಯ ಹೊಗೆಯಲ್ಲಿ ಮುಖ ಮರೆಸಿಕೊಂಡು, ನಾನು ಕೇಳಿಕೊಂಡದ್ದನ್ನು ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ತಲೆ ಬಗ್ಗಿಸಿಕೊಂಡೇ ಕೂತಿದ್ದರು. ಬೆನ್ನು ನಡುಗುತ್ತಿದ್ದುದು ನನ್ನ ಅಂಗೈಗೆ ತಿಳಿಯಿತು. ಚಳಿಯೇನೋ ಎಂದು ಇನ್ನೊಂದು ಚೆಂಬು ಬಿಸಿನೀರು ಹುಯ್ದೆ.

"ನಾನು ಎಡಗಡೆ ಬೀಳ್ಲಿ ಅಂತ ಕೇಳ್ಕೊಂಡಿದ್ದೆ," ಎಂದರು.

ಎರಡನೇ ಸಲ ಬೆಂಗಳೂರಿಗೆ ಹೋದಾಗ ಕಲಿಸುವವರು ಇವರನ್ನು ಮೇಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಎಂಜಿನ್ ಕೆಟ್ಟರೆ ಹೇಗಿರುತ್ತದೆಂದು ತೋರಿಸಲು ಅದರ ಸದ್ದು ಪೂರಾ ತಗ್ಗಿಸಿದರಂತೆ. ಬರಿಯ ಗಾಳಿಯ ಶಬ್ದ, ಕೆಳಗೆ ಕೆರೆ, ಕೆರೆ ದೊಡ್ಡದಾಗುತ್ತ ಬಂತಂತೆ. ಕಲಿಸುವವರು ನಗುತ್ತಿದ್ದರಂತೆ. ಇಳಿದ ಮೇಲೆ ಇವರು ಗಿಡದ ಮರೆಗೆ ಹೋಗಿ ವಾಂತಿ ಮಾಡಿಕೊಂಡಿದ್ದರು. ಅಷ್ಟರಲ್ಲಾಗಲೇ ಅತ್ತೆ ಬೀದಿಗೆಲ್ಲ ಸಾರಿದ್ದರು, ಕಚೇರಿಯಲ್ಲಿ ಜೊತೆಯವರು ಕ್ಯಾಪ್ಟನ್ ಎಂದೇ ಕರೆಯತೊಡಗಿದ್ದರು. ಹೆದರಿಕೆ ಎಂದು ಈಗ ಯಾವ ಬಾಯಲ್ಲಿ ಹೇಳಲಿ ಎಂದರು. ನನ್ನ ಹೆದರಿಕೆಯೇ ದೊಡ್ಡದೆಂದುಕೊಂಡು ಇಷ್ಟು ದಿನ ಅದೇ ಮನೆಯಲ್ಲಿ ನಾನು ಒಬ್ಬಳೇ ಹೆದರಿದ್ದೆ.

ಮುಖದ ನೀರು ಒರೆಸಿಕೊಂಡು ಅವರೇ ಹೇಳಿದರು:

"ನೀನು ಕೇಳ್ಕೊಂಡಿದ್ದನ್ನ ಅವ್ವನಿಗೆ ಹೇಳ್ಬಿಡು. ನನ್ನದು ಹೇಳ್ಬೇಡ."

ಅದರ ಅರ್ಥ ನನಗೆ ಆಗಲೇ ಪೂರ್ತಿ ಆಗಿತ್ತು. ಆಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಬೆನ್ನು ನನ್ನ ಕೈಯ ಕೆಳಗೆ ಬೆಚ್ಚಗಿತ್ತು, ಇನ್ನು ಮುಂದೆಯೂ ಇರುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಹೋದೆ.

ಅತ್ತೆ ಕಡಲೆಕಾಯಿ ಬಿಡಿಸುತ್ತಿದ್ದರು. ಪೂರ್ತಿ ಕೇಳಿದರು. ಕೂಗಾಡಿದ್ದರೆ ಚೆನ್ನಾಗಿತ್ತು.

"ಒಂದೇ ಮನಸ್ಸಲ್ಲಿ ಕೇಳ್ಬೇಕಾಗಿತ್ತು. ದೇವರ ಹೂವನ್ನ ನೀನು ಎರಡು ಮಾಡ್ಬುಟ್ಟೆ."

ಇನ್ನೊಮ್ಮೆ ಕೇಳೋಣವೆಂದರೆ ಒಂದೇ ವಿಷಯಕ್ಕೆ ಎರಡು ಸಲ ಹೂವು ಕೇಳುವಂತಿಲ್ಲ. ದೇವರ ಅಪ್ಪಣೆಯಿಲ್ಲದೆ ಮಗನನ್ನು ಕಳಿಸಲು ಅತ್ತೆ ಒಪ್ಪಲಿಲ್ಲ, ಸೈಟು ಉಳಿಯಿತು. ಮುಂದೆ ಸಾಲಸೋಲ ಮಾಡಿ ಅಲ್ಲೇ ಮನೆ ಕಟ್ಟಿದೆವು, ಮಕ್ಕಳಾದವು, ಇವರಿಗೆ ಬಡ್ತಿಯೂ ಬಂತು. ಬಂದವರಿಗೆಲ್ಲ ಅತ್ತೆ ಮಾತ್ರ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನನ್ನ ಮಗ ಪೈಲಟ್ ಆಗಬೇಕಾಗಿತ್ತು, ಸೊಸೆ ಬಿಡಲಿಲ್ಲ ಎನ್ನುತ್ತಿದ್ದರು. ಇವರು ಪೇಪರ್ ಓದುತ್ತಿರುತ್ತಿದ್ದರು.

ಒಮ್ಮೆ ಇವರ ಕಚೇರಿಗೆ ಹೊಸದಾಗಿ ಬಂದಿದ್ದ ಮೇಲಧಿಕಾರಿ ಮನೆಗೆ ಬಂದಿದ್ದರು. ಅತ್ತೆಯ ಕತೆ ಕೇಳಿ ನಗುತ್ತ, ನಿಮ್ಮ ಮನೆಯವರು ಬಿಟ್ಟಿದ್ದರೆ ನಿಜವಾಗಿ ಹೋಗುತ್ತಿದ್ದಿರಾ ಎಂದು ಇವರನ್ನೇ ಕೇಳಿದರು.

"ಖಂಡಿತ ಹೋಗ್ತಿದ್ದೆ ಸಾರ್," ಎಂದರು ಇವರು.

ಹಾಗೆಂದವರು ನನ್ನ ಕಡೆ ನೋಡಿದರು. ಅಷ್ಟು ಹೆದರಿದ ಕಣ್ಣುಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಾನು ಕಾಫಿಯ ಲೋಟ ಅತಿಥಿಗಳ ಮುಂದಿಟ್ಟು, ಸಕ್ಕರೆ ಸಾಕೇ ಎಂದು ಕೇಳಿದೆ.