ಹಳೇ ಕಟ್ಟಡದವರಿಗೆ ಚಹಾ

ನಮ್ಮ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಎರಡು ಕ್ಯಾಂಪಸ್. ಸೊಲ್ಲಾಪುರದ ಹೊರಗಿನ ಹೊಸದರಲ್ಲಿ ಗಾಜಿನ ಗ್ರಂಥಾಲಯ, ಕಾರಿನಲ್ಲಿ ಬರುವ ಮಕ್ಕಳು. ಪೇಟೆಯ ಹಳೇ ಕಟ್ಟಡದಲ್ಲಿ ನಾವು, ಅಕ್ಕಲಕೋಟದ ಬಸ್ಸಿನಲ್ಲಿ ನಿಂತು ಬರುವವರು, ಮನೆಗೆ ಮೊದಲ ಪದವಿ ಒಯ್ಯಬೇಕಾದವರು.

ಕೊನೇ ವರ್ಷ ಕಾನೂನು ನೆರವಿನ ಶಿಬಿರವನ್ನು ಅಕ್ಕಲಕೋಟದ ಕಡೆಯ, ಮನೆಮಾತು ಕನ್ನಡವಾದ ನಮ್ಮೂರಲ್ಲೇ ಇಟ್ಟರು. ವಿಷಯ, ಹೆಣ್ಣುಮಕ್ಕಳ ಆಸ್ತಿ ಹಕ್ಕು. ಮೈಕು ಹೊಸ ಕ್ಯಾಂಪಸ್ಸಿನವರಿಗೆ. "ನೀನು ಇದೇ ಊರಿನವಳಲ್ಲವಾ, ಚಹಾ ನೋಡಿಕೋ" ಎಂದರು ಸರ್, ಮರಾಠಿಯಲ್ಲಿ. ಅಷ್ಟು ವರ್ಷ ಓದಿದ್ದು ತಟ್ಟೆ ಹಿಡಿಯಲಿಕ್ಕಾ?

ಎದುರಿಗೇ ನನ್ನ ಅತ್ತಿ ಕೂತಿದ್ದಳು, ಅಪ್ಪನ ತಂಗಿ. ತವರಿನ ಹೊಲದಲ್ಲಿ ತನ್ನ ಪಾಲು ಬಿಟ್ಟೆ ಅನ್ನುವ ಹಕ್ಕಸೋಡ ಪತ್ರಕ್ಕೆ ಸೋಮವಾರ ಅವಳು ಹೆಬ್ಬೆಟ್ಟು ಒತ್ತುವವಳಿದ್ದಳು. ನಮ್ಮ ಕಡೆ ಪದ್ಧತಿಯೇ ಹಾಗೆ. ಬಿಟ್ಟವಳಿಗೆ ಪಂಚಮಿಗೊಂದು ಸೀರೆ, ಬಿಡದವಳಿಗೆ ತವರೇ ಇಲ್ಲ. ಅಪ್ಪ ಆಗಲೇ ಸೊಲ್ಲಾಪುರದ ನವಿ ಪೇಠದಿಂದ ಸೀರೆ ತಂದಿಟ್ಟಿದ್ದ.

ಮೈಕಿನ ಹುಡುಗ ಪುಸ್ತಕದ ಮರಾಠಿಯಲ್ಲಿ ಅದನ್ನೇ ಹೇಳುತ್ತಿದ್ದ: ಮಗಳಿಗೂ ಮಗನಷ್ಟೇ ಪಾಲು, ಬಿಟ್ಟುಕೊಡಬೇಡಿ. ಕನ್ನಡದ ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತಿಯೂ ತಟ್ಟಿದಳು.

"ಏನಂದಾ ತಿಳೀತೇನ ಅತ್ತಿ?"

"ಛಂದ ಮಾತಾಡ್ಯಾನ ಬಿಡು. ಬಜಾರದ ಮರಾಠಿ ಆಗಿದ್ರ ತಿಳೀತಿತ್ತು. ಚಾದಾಗ ಸಕ್ರಿ ಕಮ್ಮಿ ಆಗ್ಯದ ನೋಡವ್ವಾ."

ಮೈ ಉರಿಯಿತು. ತಟ್ಟೆ ಕೆಳಗಿಟ್ಟು ಮೈಕು ಕಸಿದುಕೊಂಡೆ.

"ಅಣ್ಣಗ ಎಷ್ಟೋ ನಿಮಗೂ ಅಷ್ಟೇ ಪಾಲು ಅದ ಹೊಲದಾಗ! ಒಂದು ಸೀರಿ ತಗೊಂಡು ಹೆಬ್ಬೆಟ್ಟು ಒತ್ತಬ್ಯಾಡ್ರಿ!"

ಹಿಂದಿನಿಂದ ಅಪ್ಪ ಕೂಗಿದ. "ಬಾಯಿ ಮುಚ್ಚು! ನಿನ್ನ ಕಲಿಸಿದ್ದು ಅದೇ ಹೊಲ!"

"ಅದರಾಗ ಅತ್ತಿ ಪಾಲೂ ಇತ್ತಪಾ!"

ಸರ್ ಮೈಕು ಬಂದ್ ಮಾಡಿಸಿದರು. ಅತ್ತಿ ಎದ್ದು ನಿಂತಳು. "ಅಣ್ಣಾ, ಅಕಿ ಹೇಳೂದು ಖರೇನ?" ಅಪ್ಪ ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಸೋಮವಾರ ಅವಳು ಹೋಗಲಿಲ್ಲ. ಅಪ್ಪ ಸೀರೆ ಅಂಗಡಿಗೆ ತಿರುಗಿ ಕೊಟ್ಟ, ನನ್ನ ಜೊತೆ ಮಾತು ಬಿಟ್ಟ. ಬಿಡಲಿ.

ಪದವಿ ಪ್ರದಾನಕ್ಕೆ ಹೊಸ ಕ್ಯಾಂಪಸ್ಸಿಗೆ ನನ್ನ ಜೊತೆ ಬಂದವಳು ಅತ್ತಿ ಒಬ್ಬಳೇ. ಸುಗ್ಗಿಯಲ್ಲಿ ಅಪ್ಪನಿಂದ ಕೇಳಿ ಪಡೆದ ತನ್ನ ಪಾಲಿನ ತೊಗರಿ ಮಾರಿ ತಾನೇ ಕೊಂಡ ಸೀರೆ ಉಟ್ಟಿದ್ದಳು. ಗೋಡೆಯ ಮೇಲೆ ಶಿಬಿರದ ದೊಡ್ಡ ಫೋಟೋ. ಮೈಕಿನ ಮುಂದೆ ಆ ಹುಡುಗ, ಪಕ್ಕದಲ್ಲಿ ಸರ್, ಮೂಲೆಯಲ್ಲಿ ಚಹಾ ಹಿಡಿದ ನಾನು.

"ನೀ ಮಾತಾಡಿದ್ದು ಎಲ್ಲದ?"

"ಅದನ್ನ ಹಾಕಿಲ್ಲತ್ತಿ."

"ಭಾಡ್ಯಾಗೋಳು!" ಎಂದಳು ಅತ್ತಿ, ಇಡೀ ಸಭಾಂಗಣ ತಿರುಗಿ ನೋಡುವ ಹಾಗೆ. ನಾನು ಅವಳನ್ನು ಸುಮ್ಮನಿರಿಸಲಿಲ್ಲ.