ಹುಳುಮನೆಯ ಹೊರಗೆ ನಿಂತ ಇಂಗ್ಲಿಷ್ ಮೇಷ್ಟ್ರು

ಸಾದಲಿಯಲ್ಲಿ ವೆಂಕಟರವಣಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. ಇಂಗ್ಲಿಷ್ ಮೇಷ್ಟ್ರ ಮನೆ ಎಂದರೆ ಕುರಿ ಕಾಯುವವರೂ ದಾರಿ ತೋರಿಸುತ್ತಿದ್ದರು. ಪೆರೇಸಂದ್ರದಿಂದ ಬಂದು ಇಲ್ಲಿನ ಹೈಸ್ಕೂಲು ಸೇರಿ ಅವರಿಗೆ ಇಪ್ಪತ್ತು ವರ್ಷವಾಗಿತ್ತು. ಯಾರಿಗೆ ಟೆಲಿಗ್ರಾಂ ಬಂದರೂ ಓದಿಸಲು ಓಡಿ ಬರುತ್ತಿದ್ದುದು ಅವರ ಜಗಲಿಗೆ. ಮದುವೆಮನೆಗೆ ಹೋದರೆ ಯಾರಾದರೂ ಎದ್ದು ಕುರ್ಚಿ ಬಿಡುತ್ತಿದ್ದರು. ಆ ಕುರ್ಚಿಯಲ್ಲಿ ಕೂತು, ಬೆಳ್ಳಿ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಏರಿಸಿ ಸುತ್ತ ನೋಡುವ ಸುಖ ಅವರಿಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ಒಂದು ಸಾಲು ಇಂಗ್ಲಿಷ್ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಹಿಂದಿನ ಬೆಂಚಿನವರಿಗೆ ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳುವುದು, ಇದು ಅವರ ಪಾಠ. ಪ್ರಶ್ನೆಯೂ ಉತ್ತರವೂ ಬೋರ್ಡಿನ ಮೇಲೆ. ಬಾಯಿಪಾಠ ಮಾಡದವರಿಗೆ ಹುಣಸೆ ಬರಲಿನ ಏಟು. ಹೀಗೆ ಎಷ್ಟೋ ಮಕ್ಕಳನ್ನು ಅವರು ಎಸ್ಸೆಸ್ಸೆಲ್ಸಿ ದಾಟಿಸಿದ್ದು ನಿಜ. ಅವರಲ್ಲಿ ಒಬ್ಬರೂ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟವರಲ್ಲ. ಬಾಯಿ ಬಿಡಿ ಎಂದು ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ, ಮೇಷ್ಟ್ರನ್ನೂ ಕೇಳಿರಲಿಲ್ಲ.

ತೊಂಬತ್ತೊಂದರ ಜೂನಿನಲ್ಲಿ ಚಿಂತಾಮಣಿಯಿಂದ ಶ್ಯಾಮಲಮ್ಮ ಬಂದಳು. ಇನ್ನೂ ಮೂವತ್ತಾಗದ ಹೆಣ್ಣುಮಗಳು. ಇಂಗ್ಲಿಷ್ ಕಲಿಸುವ ಹೊಸ ತರಬೇತಿಯನ್ನು ಬೆಂಗಳೂರಿನಲ್ಲಿ ಮುಗಿಸಿದ್ದವಳು. ಹೆಡ್‌ಮಾಸ್ಟರ್ ಮುನಿವೆಂಕಟಪ್ಪ ಎಂಟು ಮತ್ತು ಒಂಬತ್ತನೇ ಕ್ಲಾಸಿನ ಇಂಗ್ಲಿಷನ್ನು ಅವಳಿಗೆ ಕೊಟ್ಟರು. ಮೇಷ್ಟ್ರಿಗೆ ಹತ್ತನೆಯದು ಉಳಿಯಿತು. ಪಾಪ, ಚಿಕ್ಕವಳು ಎಂದುಕೊಂಡಿದ್ದ ಮೇಷ್ಟ್ರಿಗೆ ತಿಂಗಳೊಳಗೆ ಆ ಪಾಪವೆಲ್ಲ ಆರಿಹೋಯಿತು. ಅವಳ ಕೈಯಲ್ಲಿ ಹುಣಸೆ ಬರಲು ಇರಲಿಲ್ಲ. ಬೀನ್ಸು, ಟೊಮೇಟೊ ತಂದು ಮೇಜಿನ ಮೇಲೆ ಹರಡಿ ಮಕ್ಕಳಿಂದ ವ್ಯಾಪಾರ ಮಾಡಿಸುತ್ತಿದ್ದಳು, ಎಲ್ಲ ಇಂಗ್ಲಿಷಿನಲ್ಲೇ. ಮಕ್ಕಳು ತಪ್ಪು ತಪ್ಪಾಗಿ ಕೂಗುತ್ತಿದ್ದರು, ಅವಳು ಅವರ ಜೊತೆ ನಗುತ್ತಿದ್ದಳು. ಪಕ್ಕದ ಕೋಣೆಯಿಂದ ಆ ನಗು ಕೇಳಿದಾಗಲೆಲ್ಲ ಮೇಷ್ಟ್ರು ತಮ್ಮ ಬರಲನ್ನು ಮೇಜಿಗೆ ಬಡಿಯುತ್ತಿದ್ದರು. ಒಂದು ದಿನ ಊರಿನ ರೈತ ಬಯ್ಯಪ್ಪ ತನಗೆ ಬಂದ ಟೆಲಿಗ್ರಾಂ ಓದಿಸಲು ಅವರ ಜಗಲಿ ದಾಟಿಕೊಂಡು ಶ್ಯಾಮಲಮ್ಮನ ಬಾಡಿಗೆ ಮನೆಯತ್ತ ಹೋದ. ಅವತ್ತು ಮೇಷ್ಟ್ರು ಊಟ ಬಿಟ್ಟರು.

"ಹಾಳೂರಿಗೆ ಉಳಿದವನೇ ಗೌಡ ಅನ್ನೋ ಹಂಗೆ ಇಷ್ಟು ದಿನ ಮೆರೆದ್ರಿ. ಈಗ ಇನ್ನೊಬ್ರು ಬಂದ್ರು. ಅದಕ್ಕೆ ಮುದ್ದೆ ಏನ್ ತಪ್ಪು ಮಾಡ್ತು?" ಎಂದಳು ಹೆಂಡತಿ ಅನಸೂಯಮ್ಮ.

"ನಿಂಗೇನೇ ಗೊತ್ತು? ಹತ್ತನೇ ಕ್ಲಾಸೂ ಅವಳಿಗೇ ಕೊಡಿ ಅಂತ ಊರೋರು ಹೆಡ್‌ಮಾಷ್ಟ್ರ ಹತ್ರ ಹೋಗಿದ್ದಾರೆ. ಅದೂ ಹೋದ್ರೆ ನಾನು ಯಾವ ಮೇಷ್ಟ್ರೇ? ಡ್ರಿಲ್ ಮೇಷ್ಟ್ರಾ?"

ಅದೇ ಉರಿಯಲ್ಲಿರುವಾಗ ಅವಳನ್ನು ಕೆಳಗಿಳಿಸಲು ಒಂದು ದಾರಿ ಸಿಕ್ಕಿತು. ರೇಷ್ಮೆಹುಳು ಹಣ್ಣಾಗುವ ಹೊತ್ತಿಗೆ ಸಾದಲಿಯಲ್ಲಿ ಅರ್ಧ ಶಾಲೆ ಖಾಲಿ. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ತಡವಾದರೆ ಬೆಳೆ ಕೈಬಿಟ್ಟಂತೆ. ಮನೆಯ ಮಕ್ಕಳೆಲ್ಲ ಅಲ್ಲೇ ಬೇಕು. ಮೇಷ್ಟ್ರಾದರೆ ಅಂಥವರಿಗೆ ಶಾಲೆಗೆ ಮರಳಿದ ದಿನ ಬಾರಿಸುತ್ತಿದ್ದರು. ಶ್ಯಾಮಲಮ್ಮ ಒಂಬತ್ತನೇ ಕ್ಲಾಸಿನ ಉಳಿದ ಮಕ್ಕಳನ್ನು ಕಟ್ಟಿಕೊಂಡು, ಅದೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಗಂಗುಲಮ್ಮ ಹುಳು ಸಾಕುತ್ತಿದ್ದ ಹುಳುಮನೆಗೇ ಹೋಗಿ ಪಾಠ ಶುರುಮಾಡಿದಳು. ಸುದ್ದಿ ತಿಳಿದದ್ದೇ ತಡ, ಮೇಷ್ಟ್ರು ಶಿಡ್ಲಘಟ್ಟದ ಬಸ್ಸು ಹತ್ತಿ ಶಾಲಾ ಇನ್‌ಸ್ಪೆಕ್ಟರ ಮುಂದೆ ನಿಂತರು.

"ಮಕ್ಕಳನ್ನ ಹುಳ ಆರಿಸಕ್ಕೆ ಕರ್ಕೊಂಡ್ ಹೋಗ್ತಾಳೆ ಸಾರ್. ಪಾಠ ಅನ್ನೋದೇ ಇಲ್ಲ. ನೀವೇ ಬಂದು ನೋಡಿ."

ಮರುದಿನ ಇನ್‌ಸ್ಪೆಕ್ಟರು ಬಂದೇ ಬಂದರು. ಮೇಷ್ಟ್ರು ಹಬ್ಬದ ಪಂಚೆ ಉಟ್ಟು ಅವರಿಗೂ ಹೆಡ್‌ಮಾಸ್ಟರಿಗೂ ಮುಂದೆ ಮುಂದೆ ದಾರಿ ತೋರಿಸಿದರು. ಹುಳುಮನೆಯ ಬಾಗಿಲಲ್ಲಿ ಗಂಗುಲಮ್ಮ ಕಾಲು ತೊಳೆಯಲು ನೀರು ಕೊಟ್ಟು ಅವರಿಬ್ಬರನ್ನೂ ಒಳಗೆ ಬಿಟ್ಟಳು. ಮೇಷ್ಟ್ರಿಗೆ ಕೈ ಅಡ್ಡ ಹಿಡಿದಳು.

"ನೀವು ಬ್ಯಾಡಿ ಮೇಷ್ಟ್ರೇ. ನಶ್ಯ ಸೋಕಿದ್ರೆ ಹುಳ ಉಳಿಯಲ್ಲ."

ಬೀಡಿ ಸೇದುವ ಗಂಡನನ್ನೂ ಹುಳುಮನೆಗೆ ಬಿಡದ ಊರು ಅದು. ಹೊಗೆಸೊಪ್ಪು ಹುಳುವಿಗೆ ವಿಷವೆಂದು ಅಲ್ಲಿ ಕೂಸಿಗೂ ಗೊತ್ತು. ಇಪ್ಪತ್ತು ವರ್ಷದಲ್ಲಿ ಯಾವ ಹುಳುಮನೆಯ ಹೊಸ್ತಿಲನ್ನೂ ತುಳಿಯದ ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ. ಗಂಗುಲಮ್ಮ ಆಡಿದ್ದು ನಶ್ಯದ ಮಾತನ್ನೇ. ಆದರೂ ತಮ್ಮ ಕಣ್ಣಲ್ಲಿದ್ದ ಉರಿ ಅವಳಿಗೆ ಕಂಡುಬಿಟ್ಟಿತೇನೋ ಎಂದು ಅವರು ಹಿಂದೆ ಸರಿದು ನಿಂತರು.

ಒಳಗೆ ಇನ್‌ಸ್ಪೆಕ್ಟರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹುಳುವಿಗೆ ಯಾವ ಯಾವ ಹೊತ್ತಿಗೆ ಸೊಪ್ಪು, ಹಣ್ಣಾಯಿತೆಂದು ತಿಳಿಯುವುದು ಹೇಗೆ, ಎಂದು ಒಂದು ಹುಡುಗಿಯ ದನಿ ಇಂಗ್ಲಿಷಿನಲ್ಲೇ ಹೇಳತೊಡಗಿತು. ತಡವರಿಸಿತು, ಆದರೆ ನಿಲ್ಲಲಿಲ್ಲ. ಅದು ಗಂಗುಲಮ್ಮನ ಮಗಳು ಕೊಂಡಮ್ಮ. ಹಿಂದಿನ ವರ್ಷ ಮೇಷ್ಟ್ರ ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ತೆರೆಯದೆ ಅವರಿಂದ 'ಮೂಗಿ' ಎನ್ನಿಸಿಕೊಂಡಿದ್ದವಳು. ಹೊರಗೆ ನಿಂತ ಮೇಷ್ಟ್ರು ಅವಳ ತಪ್ಪುಗಳನ್ನು ಒಂದೊಂದಾಗಿ ಹಿಡಿದರು. ಹಿಡಿದು ಏನು ಮಾಡುವುದೆಂದು ತಿಳಿಯಲಿಲ್ಲ.

ಇನ್‌ಸ್ಪೆಕ್ಟರು ಹೊರಬಂದವರೇ ಅದೇ ಖುಷಿಯಲ್ಲಿ ಮೇಷ್ಟ್ರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸಿದರು. ಎಷ್ಟು ವರ್ಷದ ಸರ್ವಿಸು ಎಂದು ಕೇಳಿದ್ದು, ಅಷ್ಟೇ.

"ಇಪ್ಪತ್ತು ವರ್ಷ ಆಯ್ತು ಸಾರ್," ಎಂದರು ಮೇಷ್ಟ್ರು, ಕನ್ನಡದಲ್ಲೇ. ಬಾಗಿಲಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು.

"ಮುಂದಿನ ವರ್ಷ ಹತ್ತನೇ ಕ್ಲಾಸೂ ಈ ಮೇಡಂಗೇ ಕೊಟ್ಬಿಡಿ," ಎಂದರು ಇನ್‌ಸ್ಪೆಕ್ಟರು ಹೆಡ್‌ಮಾಸ್ಟರಿಗೆ.

"ಬೇಡ ಸಾರ್," ಎಂದಳು ಶ್ಯಾಮಲಮ್ಮ. "ಅದು ಮೇಷ್ಟ್ರ ಹತ್ರಾನೇ ಇರ್ಲಿ. ಪಬ್ಲಿಕ್ ಪರೀಕ್ಷೆ ದಾಟಿಸೋದು ಅವರಿಗೆ ಗೊತ್ತು. ನಂಗಿನ್ನೂ ಗೊತ್ತಿಲ್ಲ."

ಕಿತ್ತುಕೊಂಡಿದ್ದರೆ ಮೇಷ್ಟ್ರು ಊರೆಲ್ಲ ಬೈದುಕೊಂಡು ತಿರುಗಿ ಹಗುರಾಗುತ್ತಿದ್ದರು. ಅವಳು ಬಿಟ್ಟುಕೊಟ್ಟಳು. ತಮ್ಮದೇ ಕ್ಲಾಸನ್ನು ಅವಳ ಕೈಯಿಂದ ಈಸಿಕೊಂಡು ಬಂದಂತಾಯಿತು. ಮನೆಗೆ ಬಂದು ಆ ಮಾತನ್ನು ಅನಸೂಯಮ್ಮನಿಗೂ ಹೇಳಲಿಲ್ಲ.

ಮುಂದಿನ ಜೂನಿನಲ್ಲಿ ಕೊಂಡಮ್ಮನ ಕ್ಲಾಸು ಹತ್ತನೆಯದಾಗಿ ಮೇಷ್ಟ್ರ ಕೈಗೆ ಬಂತು. ಮಳೆ ಇನ್ನೂ ಬಿದ್ದಿರಲಿಲ್ಲ, ಕೋಣೆಯಲ್ಲಿ ವಿಪರೀತ ಸೆಕೆ. ಮೇಷ್ಟ್ರು ಮೊದಲ ಸಾಲು ಓದಿ ಅರ್ಥ ಹೇಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಎಂಟನೇ ಕ್ಲಾಸಿನ ಮಕ್ಕಳ ನಗು ಕೇಳಿತು, ಅದರ ನಡುವೆ ಶ್ಯಾಮಲಮ್ಮನದೂ. ಅವರು ಎದ್ದುಹೋಗಿ ಆ ಕಡೆಯ ಕಿಟಕಿ ಮುಚ್ಚಿ ಬಂದು ಕೂತರು.

ಕೊಂಡಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಸಾರ್, ಮೇ ಐ ಓಪನ್ ದ ವಿಂಡೋ? ಇಟ್ ಈಸ್ ವೆರಿ ಹಾಟ್."

ಒಂದು ತಪ್ಪೂ ಇರಲಿಲ್ಲ. ಇಡೀ ಕ್ಲಾಸು ಅವರ ಬಾಯಿಯನ್ನೇ ನೋಡುತ್ತಿತ್ತು. ನಶ್ಯದ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತ ಮೇಷ್ಟ್ರಿಗೆ ಆ ಹುಡುಗಿಯ ಮಾತು ಎಷ್ಟು ಚೆನ್ನಾಗಿದೆ ಎನ್ನಿಸಿತು, ಹಾಗೆ ಅನ್ನಿಸಿದ್ದನ್ನೇ ಸಹಿಸಲಾಗಲಿಲ್ಲ.

"ಬೇಡ, ಕೂತ್ಕೊ," ಎಂದರು.